ರಿಲ್ಯಾಕ್ಸರ್ ಹಾಕಿಸಿದ ಕೂದಲು ಭುಜ ದಾಟುತ್ತಿಲ್ಲ, ಆರೈಕೆಯ ಕ್ರಮ ಹೇಗಿರಬೇಕು?

ಯಲ್ಲಾಪುರದ ಕಾಡುಹೂ

ಎಲ್ಲರಿಗೂ ನಮಸ್ಕಾರ. ನಾನು ಯಲ್ಲಾಪುರ ತಾಲ್ಲೂಕಿನ, ಆಫ್ರಿಕಾ ಮೂಲದ ಸಿದ್ದಿ ಕುಟುಂಬದವಳು. ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಪಿಜಿಯಲ್ಲಿದ್ದೇನೆ. ನಮ್ಮವರ ಕೂದಲನ್ನು ಹತ್ತಿರದಿಂದ ನೋಡದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ: ಅದು ಅಲೆಅಲೆಯಾಗಿ ಇಳಿಯುವ ಗುಂಗುರಲ್ಲ, ಪೆನ್ನಿನ ಸ್ಪ್ರಿಂಗಿಗಿಂತ ಬಿಗಿಯಾದ ಸುರುಳಿ. ಎಳೆದು ಹಿಡಿದರೆ ಒಂದು ಗೇಣು, ಬಿಟ್ಟರೆ ಮೂರು ಬೆರಳು.

ಬೆಂಗಳೂರಿಗೆ ಬಂದ ಹೊಸತರಲ್ಲಿ ಕಮ್ಮನಹಳ್ಳಿ ಕಡೆ ಆಫ್ರಿಕಾದ ವಿದ್ಯಾರ್ಥಿನಿಯರು ಹೋಗುವ ಒಂದು ಸಲೂನಿನಲ್ಲಿ ಮೊದಲ ಬಾರಿ ರಿಲ್ಯಾಕ್ಸರ್, ಅಂದರೆ ಸುರುಳಿ ಕೂದಲನ್ನು ನೇರ ಮಾಡುವ ಕ್ರೀಮು, ಹಾಕಿಸಿಕೊಂಡೆ. ಎರಡು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅಕ್ಕನ ಮದುವೆಗೆಂದು ಊರಿಗೆ ಹೋದಾಗ ಹುಬ್ಬಳ್ಳಿಯ ಒಂದು ಪಾರ್ಲರಿನಲ್ಲಿ "ಇದರ ಮೇಲೆ ರೀಬಾಂಡಿಂಗ್ ಮಾಡಿದರೆ ಇನ್ನೂ ನುಣುಪಾಗುತ್ತದೆ" ಎಂದರು, ನಾನು ಒಪ್ಪಿದೆ. ಮೂರನೆಯ ದಿನ ತಲೆ ತೊಳೆಯುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಮದುವೆಯ ಫೋಟೋಗಳಲ್ಲಿ ನಾನು ತಲೆಗೆ ಸೆರಗು ಹೊದ್ದು ನಿಂತಿದ್ದೇನೆ. ಕಿವಿಯ ಮಟ್ಟಕ್ಕೆ ಕತ್ತರಿಸಬೇಕಾಯಿತು.

ಅದಾಗಿ ಎರಡು ವರ್ಷವಾಯಿತು. ಈಗ ಚಿಕ್ಕಮ್ಮನ ಮಗಳೇ ಪಿಜಿಯಲ್ಲಿ ಎಂಟು ವಾರಕ್ಕೊಮ್ಮೆ ಡಬ್ಬಿಯ ರಿಲ್ಯಾಕ್ಸರ್ ಹಚ್ಚಿಕೊಡುತ್ತಾಳೆ. ಕೂದಲು ಭುಜದವರೆಗೆ ಬಂತು, ಅಲ್ಲೇ ನಿಂತಿತು; ಎಂಟು ತಿಂಗಳಿಂದ ಒಂದು ಬೆರಳೂ ಮುಂದೆ ಹೋಗಿಲ್ಲ. ಭಾನುವಾರ ಸೀಗೆಕಾಯಿ ಪುಡಿಯಿಂದ ತೊಳೆಯುತ್ತೇನೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಕೂದಲು ನೇರ ಮಾಡುವ ಬಿಸಿ ಐರನ್ ಎಳೆದು ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟುತ್ತೇನೆ. ಪಿಜಿಯದ್ದು ಬೋರ್‌ವೆಲ್ ನೀರು. ನನ್ನ ಆಸೆ ಬೆನ್ನಿನ ನಡುವಿನವರೆಗೆ ಇಳಿಯುವ ಒಂದು ಜಡೆ. ರಿಲ್ಯಾಕ್ಸರ್ ಬಿಟ್ಟುಬಿಡು ಎಂಬುದನ್ನು ದಿನವೂ ಕೇಳುತ್ತಿರುವುದರಿಂದ, ದಯವಿಟ್ಟು ಅದನ್ನು ಬಿಟ್ಟು ಬೇರೆ ದಾರಿ ಹೇಳಿ.

ಕುಂದಾಪುರದ ಕಡಲು

ಇದಕ್ಕೆ ಇಷ್ಟು ಚಿಂತೆ ಬೇಡ. ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ವಾರಕ್ಕೆ ಎರಡು ಸಲ ಬುಡಕ್ಕೆ ತಿಕ್ಕಿ, ದಾಸವಾಳದ ಎಲೆಯ ಲೋಳೆಯಿಂದ ತೊಳೆಯಿರಿ. ನಮ್ಮ ಅಮ್ಮನಿಗೆ ಎಪ್ಪತ್ತು ವರ್ಷವಾಗಿದ್ದರೂ ಜಡೆ ಸೊಂಟದವರೆಗೆ ಇದೆ.

ದಾವಣಗೆರೆ ಮಲ್ಲಿಗೆ

ನಾನೂ ಎರಡು ಬಾರಿ ರೀಬಾಂಡಿಂಗ್ ಮಾಡಿಸಿದ್ದೇನೆ, ನನಗೆ ಹೀಗೆ ಆಗಲಿಲ್ಲ. ರಿಲ್ಯಾಕ್ಸರ್ ಎಂದರೂ ರೀಬಾಂಡಿಂಗ್ ಎಂದರೂ ಒಂದೇ ತಾನೇ? ಹೆಸರು ಮಾತ್ರ ಬೇರೆ ಎಂದು ನಮ್ಮ ಪಾರ್ಲರಿನವರು ಹೇಳಿದ್ದರು.

ಧಾರವಾಡದ ರಸಾಯನ ಮೇಷ್ಟ್ರು

ಒಂದೇ ಅಲ್ಲ. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಪ್ರಶ್ನೆ ಕೇಳಿದವರ ಕೂದಲು ಹೋದದ್ದು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದು ಎರಡೆರಡು ಗಂಧಕದ ಪರಮಾಣುಗಳು ಕೈಹಿಡಿದು ನಿಂತ ಡೈಸಲ್ಫೈಡ್ ಬಂಧ. ಕೂದಲಿನ ಆಕಾರ ಉಳಿಯುವುದೂ ಅದರ ಗಟ್ಟಿತನ ಉಳಿಯುವುದೂ ಮುಖ್ಯವಾಗಿ ಈ ಬಂಧದಿಂದಲೇ. ರೀಬಾಂಡಿಂಗ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಇರುತ್ತದೆ. ಅದು ಈ ಬಂಧವನ್ನು ಬಿಚ್ಚುತ್ತದೆ, ಐರನ್ನಿನಿಂದ ನೇರ ಮಾಡಿದ ಮೇಲೆ ಎರಡನೆಯ ಕ್ರೀಮು ಅದೇ ಬಂಧವನ್ನು ಹೊಸ ಜಾಗದಲ್ಲಿ ಮತ್ತೆ ಕೂಡಿಸುತ್ತದೆ. ರಿಲ್ಯಾಕ್ಸರಿನ ದಾರಿ ಬೇರೆ. ಅದರಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಗ್ವಾನಿಡಿನ್ ಕಾರ್ಬೊನೇಟನ್ನು ಹಚ್ಚುವ ಹೊತ್ತಿಗೆ ಕಲಸಿಕೊಳ್ಳುವಂಥದ್ದು. ಕ್ಷಾರದ ಪ್ರಬಲತೆ ತೋರಿಸುವ ಪಿಎಚ್ ಅಳತೆ 12ರಿಂದ 14ರವರೆಗೆ ಇರುತ್ತದೆ. ಈ ಕ್ಷಾರವು ಎರಡು ಗಂಧಕಗಳಲ್ಲಿ ಒಂದನ್ನು ತೆಗೆದೇಬಿಡುತ್ತದೆ. ಉಳಿದ ಒಂಟಿ ಗಂಧಕದ ಬಂಧಕ್ಕೆ ಲ್ಯಾಂಥಿಯೋನಿನ್ ಎಂದು ಹೆಸರು, ಅದು ಮತ್ತೆ ಹಿಂದಿನ ರೂಪಕ್ಕೆ ಬರುವುದಿಲ್ಲ.

ಹೀಗೆ ರಿಲ್ಯಾಕ್ಸರ್ ಆದ ಕೂದಲಿನಲ್ಲಿ ಹಳೆಯ ಬಂಧಗಳು ಕಡಿಮೆಯಾಗಿರುತ್ತವೆ. ಅದರ ಮೇಲೆ ಥಯೋಗ್ಲೈಕೊಲೇಟ್ ಹಚ್ಚಿದರೆ ಅಳಿದುಳಿದವೂ ಬಿಚ್ಚಿಕೊಳ್ಳುತ್ತವೆ, ಕೂದಲನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಅನಗತ್ಯ ರೋಮ ತೆಗೆಯುವ ಕ್ರೀಮುಗಳಲ್ಲಿಯೂ ಇದೇ ಥಯೋಗ್ಲೈಕೊಲೇಟ್ ಹೆಚ್ಚು ಕ್ಷಾರದೊಂದಿಗೆ ಇರುತ್ತದೆ ಎಂದರೆ ಅದರ ಶಕ್ತಿ ಅರ್ಥವಾದೀತು. ಒಂದು ತಲೆಯ ಮೇಲೆ ಈ ಎರಡರಲ್ಲಿ ಒಂದೇ ಇರಬೇಕು. ಇದು ರುಚಿ ಅಭಿರುಚಿಯ ಮಾತಲ್ಲ.

ಯಲ್ಲಾಪುರದ ಕಾಡುಹೂ

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಪಾರ್ಲರಿನವರು "ನಿಮ್ಮ ಕೂದಲೇ ಕೆಟ್ಟ ಜಾತಿಯದು, ಅದಕ್ಕೆ ಹೀಗಾಯಿತು" ಎಂದಿದ್ದರು. ಎರಡು ವರ್ಷ ಅದನ್ನೇ ನಂಬಿಕೊಂಡಿದ್ದೆ.

ಹಳಿಯಾಳದ ಅಕ್ಕ

ತಂಗಿ, ಆ ಮಾತನ್ನು ಇವತ್ತೇ ತಲೆಯಿಂದ ತೆಗೆದುಹಾಕು. ನಾನೂ ಸಿದ್ದಿಯವಳೇ. ಶಾಲೆಯಲ್ಲಿ ನನ್ನ ತಲೆಗೆ ಪೆನ್ಸಿಲ್ ಚುಚ್ಚಿ ಅದು ಬೀಳದೆ ನಿಲ್ಲುವುದನ್ನು ನೋಡಿ ನಗುತ್ತಿದ್ದರು. ನಮ್ಮ ಅವ್ವ ಮಾತ್ರ ಪ್ರತಿ ಶನಿವಾರ ಸಂಜೆ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಬೆರಳಿನಿಂದಲೇ ಬೈತಲೆ ತೆಗೆದು, ನೆತ್ತಿಗೆ ಅಂಟಿದ ಹಾಗೆ ಸಾಲುಸಾಲು ಜಡೆ ಹೆಣೆಯುತ್ತಿದ್ದಳು. ಆ ಜಡೆಗಳನ್ನು ವಾರವಿಡೀ ಯಾರೂ ಮುಟ್ಟುತ್ತಿರಲಿಲ್ಲ. ಕೂದಲು ಬೆಳೆಯಲಿ ಎಂದು ಅವಳು ಹಾಗೆ ಮಾಡಿದವಳಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾಗಿದ್ದರಿಂದ ಮಾಡಿದಳು. ಆದರೂ ಹನ್ನೆರಡನೆಯ ವಯಸ್ಸಿಗೆ ನನ್ನ ಕೂದಲು ಎಳೆದರೆ ಸೊಂಟದ ಹತ್ತಿರ ಬರುತ್ತಿತ್ತು. ನಾನೇ ಬಾಚಲು ಶುರುಮಾಡಿದ ವರ್ಷವೇ ಅರ್ಧಕ್ಕೆ ಬಂತು.

ನಿನ್ನ ಬರಹದಲ್ಲಿ ಒಂದು ಮಾತು ಹಿಡಿದೆ. ಕೂದಲು ಬೆಳೆಯುತ್ತಿಲ್ಲ ಎನ್ನುತ್ತೀಯ. ಹಾಗಾದರೆ ಎಂಟು ವಾರಕ್ಕೊಮ್ಮೆ ರಿಲ್ಯಾಕ್ಸರ್ ಯಾವುದಕ್ಕೆ ಹಚ್ಚುತ್ತಿದ್ದೀಯ? ಬುಡದಲ್ಲಿ ಹೊಸ ಸುರುಳಿ ಬರುತ್ತಿದೆ ಎಂದಲ್ಲವೇ? ಬುಡದಲ್ಲಿ ಬಂದಷ್ಟೇ ತುದಿಯಲ್ಲಿ ಮುರಿದು ಹೋಗುತ್ತಿದೆ. ಬೆಳೆಸುವ ಎಣ್ಣೆ ಹುಡುಕುವುದನ್ನು ಬಿಟ್ಟು, ಬೆಳೆದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ನೋಡು.

ಮೈಸೂರಿನ ದಾದಿ

ಹಳಿಯಾಳದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಅಲ್ಲಿ ನಾವು ಮೊದಲು ಕೇಳುವುದೂ ಇದನ್ನೇ: ಉದುರುತ್ತಿದೆಯೋ, ಮುರಿಯುತ್ತಿದೆಯೋ? ಬಾಚಣಿಗೆಗೆ ಬಂದ ಕೂದಲನ್ನು ಬಿಳಿ ಅಥವಾ ಕಪ್ಪು ಬಟ್ಟೆಯ ಮೇಲೆ ಹರಡಿ ನೋಡಿ. ಒಂದು ತುದಿಯಲ್ಲಿ ಚಿಕ್ಕ ಬಿಳಿ ಗುಂಡಿನಂತೆ ಕಂಡರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100ರವರೆಗೆ ಹಾಗೆ ಉದುರುವುದು ಸಹಜ. ಗುಂಡು ಇಲ್ಲದ, ಬೇರೆಬೇರೆ ಅಳತೆಯ ಗಿಡ್ಡ ತುಂಡುಗಳಾದರೆ ಅದು ಮುರಿತ. ಉದುರುವುದೇ ಹೆಚ್ಚಾಗಿದ್ದರೆ ರಕ್ತಹೀನತೆ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್ ಇವುಗಳನ್ನು ಪರೀಕ್ಷಿಸಿಕೊಳ್ಳಬೇಕು, ಎಣ್ಣೆಯಿಂದ ಅದು ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಬಿಗಿ ಸುರುಳಿಯ ಕೂದಲು ಬೆಳೆಯುವ ವೇಗವೇ ಸ್ವಲ್ಪ ಕಡಿಮೆ. ಆಫ್ರಿಕಾ ಮೂಲದವರ ಕೂದಲನ್ನು ಅಳೆದ ಅಧ್ಯಯನದಲ್ಲಿ ದಿನಕ್ಕೆ ಸುಮಾರು ಕಾಲು ಮಿಲಿಮೀಟರ್ ಬೆಳವಣಿಗೆ ಕಂಡಿತ್ತು, ಯುರೋಪ್ ಮೂಲದವರಲ್ಲಿ ಅದು 0.4 ಮಿಲಿಮೀಟರಿನ ಹತ್ತಿರ. ವರ್ಷಕ್ಕೆ ಒಂಬತ್ತು ಸೆಂಟಿಮೀಟರ್ ಎಂದು ಲೆಕ್ಕ ಇಟ್ಟುಕೊಂಡರೆ ಭುಜದಿಂದ ಬೆನ್ನಿನ ನಡುವಿಗೆ ಎರಡು ವರ್ಷಕ್ಕೂ ಹೆಚ್ಚು ಬೇಕು. ಗೆಳತಿಯರ ಕೂದಲಿನ ಜೊತೆ ಹೋಲಿಸಿಕೊಂಡು ನೊಂದುಕೊಳ್ಳಬೇಡಿ.

ಅಟ್ಲಾಂಟಾದ ಕನ್ನಡತಿ

ನಾನು ಹದಿನೈದು ವರ್ಷಗಳಿಂದ ಅಟ್ಲಾಂಟಾದಲ್ಲಿದ್ದೇನೆ. ಈ ಊರಿನಲ್ಲಿ ಕಪ್ಪು ಹೆಂಗಸರ ಸಲೂನುಗಳಿಗೆ ಲೆಕ್ಕವಿಲ್ಲ, ನನ್ನ ಆಪ್ತ ಗೆಳತಿಯೂ ಅಂಥ ಒಂದು ಸಲೂನಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ನಿಮ್ಮ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದೆ. ಬೇರೆ ಏನೂ ಹೇಳುವ ಮೊದಲು ಅವಳು ಎರಡು ಪ್ರಶ್ನೆ ಕೇಳಿದಳು. ಪ್ರತಿ ಸಲ ರಿಲ್ಯಾಕ್ಸರನ್ನು ಎಲ್ಲಿಂದ ಎಲ್ಲಿಯವರೆಗೆ ಹಚ್ಚುತ್ತೀರಿ? ಡಬ್ಬಿಯ ಮೇಲೆ "ನೋ ಲೈ" ಎಂದು ಬರೆದಿದೆಯೇ?

ಯಲ್ಲಾಪುರದ ಕಾಡುಹೂ

ಅಕ್ಕ, ಬುಡದಿಂದ ತುದಿಯವರೆಗೆ ಎಲ್ಲ ಕೂದಲಿಗೂ ಹಚ್ಚುತ್ತೇವೆ. ತುದಿಯೇ ಹೆಚ್ಚು ಒರಟಾಗಿರುವುದರಿಂದ ಅಲ್ಲಿಗೆ ಸ್ವಲ್ಪ ಜಾಸ್ತಿಯೇ ಹಚ್ಚುತ್ತೇವೆ. ಹೌದು, ನೋ ಲೈ ಎಂದಿದೆ. ಒಂದು ಕ್ರೀಮು, ಒಂದು ಚಿಕ್ಕ ಬಾಟಲಿಯಲ್ಲಿ ದ್ರವ, ಎರಡನ್ನೂ ಕಲಸಬೇಕು.

ಅಟ್ಲಾಂಟಾದ ಕನ್ನಡತಿ

ಕಾರಣ ಸಿಕ್ಕಿತು. ಎರಡು ವರ್ಷದಲ್ಲಿ ಎಂಟು ವಾರಕ್ಕೊಮ್ಮೆ ಎಂದರೆ ಹದಿಮೂರು ಬಾರಿ. ನಿಮ್ಮ ತುದಿಯ ಕೂದಲು ಹದಿಮೂರು ಬಾರಿ ಆ ಕ್ಷಾರದಲ್ಲಿ ಬೆಂದಿದೆ. ರಿಲ್ಯಾಕ್ಸರ್ ಒಂದು ಕೂದಲಿನ ಮೇಲೆ ಅದರ ಜೀವಮಾನದಲ್ಲಿ ಒಂದೇ ಬಾರಿ ಬೀಳಬೇಕು. ಎರಡನೆಯ ಸಲದಿಂದ ಹಚ್ಚಬೇಕಾದದ್ದು ಬುಡದಲ್ಲಿ ಹೊಸದಾಗಿ ಬಂದ ಕೂದಲಿಗೆ ಮಾತ್ರ. ಗೆಳತಿ ಹೇಳಿದ ಕ್ರಮವನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

ಹಚ್ಚುವ ಮೂರು ದಿನ ಮೊದಲಿನಿಂದ ತಲೆ ತೊಳೆಯಬಾರದು, ಕೆರೆಯಬಾರದು, ಬಾಚಣಿಗೆಯ ಹಲ್ಲು ನೆತ್ತಿಗೆ ತಾಗಿಸಬಾರದು, ಏಕೆಂದರೆ ಕಣ್ಣಿಗೆ ಕಾಣದ ಗೀರಿನಲ್ಲಿಯೂ ಕ್ಷಾರ ಸುಡುತ್ತದೆ. ಆ ದಿನ ನೆತ್ತಿ, ಕಿವಿ, ಕುತ್ತಿಗೆಯ ಅಂಚಿಗೆ ವ್ಯಾಸಲಿನ್ ಹಚ್ಚಬೇಕು. ಹಿಂದೆ ರಿಲ್ಯಾಕ್ಸರ್ ಆದ ಅಷ್ಟೂ ಉದ್ದಕ್ಕೆ ವ್ಯಾಸಲಿನ್ ಅಥವಾ ದಪ್ಪ ಕಂಡಿಷನರ್ ಬಳಿಯಬೇಕು. ತೊಳೆಯುವಾಗ ಬುಡದಿಂದ ಇಳಿದುಬರುವ ಕ್ರೀಮು ಅದರ ಮೇಲೆ ಜಾರಿಹೋಗಲಿ ಎಂದು. ಕೂದಲನ್ನು ನಾಲ್ಕು ಭಾಗ ಮಾಡಿ, ತಲೆಯ ಹಿಂಭಾಗದಿಂದ ಶುರುಮಾಡಿ, ನೆತ್ತಿಯಿಂದ ಸ್ವಲ್ಪ ಬಿಟ್ಟು ಹಚ್ಚಬೇಕು. ಡಬ್ಬಿಯ ಮೇಲೆ ಬರೆದ ನಿಮಿಷವನ್ನು ಮೀರಬಾರದು. ಉರಿ ಎದ್ದರೆ "ಇನ್ನೆರಡು ನಿಮಿಷ ತಡೆದುಕೊಳ್ಳುತ್ತೇನೆ" ಎನ್ನದೆ ಆ ಕ್ಷಣವೇ ತೊಳೆಯಬೇಕು. ಆಮೇಲೆ ಕ್ಷಾರ ಕಳೆಯುವ ನ್ಯೂಟ್ರಲೈಸಿಂಗ್ ಶಾಂಪೂ. ಹಲವು ಶಾಂಪೂಗಳಲ್ಲಿ ಬಣ್ಣದ ಗುರುತು ಇರುತ್ತದೆ: ಕ್ಷಾರ ಉಳಿದಿದ್ದರೆ ನೊರೆ ನಸುಗೆಂಪಾಗುತ್ತದೆ, ನೊರೆ ಪೂರ್ತಿ ಬಿಳಿಯಾಗುವವರೆಗೆ ಮೂರು ಸಲವಾದರೂ ನಾಲ್ಕು ಸಲವಾದರೂ ತೊಳೆಯಬೇಕು. ಇದನ್ನು ಅವಳು ಎರಡು ಬಾರಿ ಹೇಳಿದಳು.

ಎಂಟು ವಾರದ ಬದಲು ಹನ್ನೆರಡು ವಾರ ಬಿಡಿ. ನಿಮ್ಮ ಕೂದಲು ಎಂಟು ವಾರದಲ್ಲಿ ಒಂದೂವರೆ ಸೆಂಟಿಮೀಟರ್ ಬಂದಿರುತ್ತದೆ, ಅಷ್ಟು ಗಿಡ್ಡ ಬುಡಕ್ಕೆ ಹಚ್ಚಲು ಹೋದರೆ ಹಳೆಯದರ ಮೇಲೆ ಬಿದ್ದೇ ಬೀಳುತ್ತದೆ.

ದಾವಣಗೆರೆ ಮಲ್ಲಿಗೆ

ನನ್ನ ರೀಬಾಂಡಿಂಗಿಗೂ ಎರಡನೆಯ ಸಲ ತುದಿಯವರೆಗೆ ಹಚ್ಚಿದ್ದರು. ಈಗ ತುದಿ ಪೊರಕೆಯಂತಿದೆ.

ಧಾರವಾಡದ ರಸಾಯನ ಮೇಷ್ಟ್ರು

ನೋ ಲೈ ಎಂಬುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಲೈ ಎಂದರೆ ಕಾಸ್ಟಿಕ್ ಸೋಡಾ. ಅದು ಇಲ್ಲ ಎಂದ ಮಾತ್ರಕ್ಕೆ ಕ್ಷಾರ ಇಲ್ಲ ಎಂದಲ್ಲ. ಕಲಸುವ ಬಗೆಯ ಡಬ್ಬಿಯಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬುದು ನಾವು ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣ. ನೆತ್ತಿಗೆ ಉರಿ ಸ್ವಲ್ಪ ಕಡಿಮೆ ಎಂಬುದು ನಿಜ, ಆದರೆ ಅದು ಕೂದಲಿನ ಮೇಲೆ ಕ್ಯಾಲ್ಸಿಯಂ ಪದರ ಬಿಟ್ಟುಹೋಗುತ್ತದೆ, ಕೂದಲು ಒಣಗಿ ಮಂಕಾಗುತ್ತದೆ. ಅದರ ಮೇಲೆ ಪಿಜಿಯ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ಕಟ್ಟುತ್ತಿದ್ದರೆ ಅದೇ ಕಲೆ ಕೂದಲಿನ ಮೇಲೂ ಕಟ್ಟುತ್ತಿದೆ ಎಂದು ತಿಳಿಯಿರಿ. ಇವುಗಳನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ವಸ್ತು ಇರುವ ಕೀಲೇಟಿಂಗ್ ಶಾಂಪೂವಿನಿಂದ ತಿಂಗಳಿಗೊಮ್ಮೆ ತೊಳೆದರೆ ಅದು ಹೋಗುತ್ತದೆ. ಕೊನೆಯ ಒಂದು ಮಗ್ ನೀರನ್ನಾದರೂ ಕುಡಿಯುವ ಕ್ಯಾನಿನಿಂದ ತೆಗೆದುಕೊಳ್ಳಿ.

ಸಹಜ ಸುರುಳಿ

ಪ್ರಶ್ನೆ ಕೇಳಿದವರು ಬೇಡವೆಂದರೂ ನಾನು ಹೇಳಲೇಬೇಕು, ಏಕೆಂದರೆ ಇಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಅಮೆರಿಕದಲ್ಲಿ ಈ ಕ್ರೀಮುಗಳಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿದೆ. ಮೇಷ್ಟ್ರು, ಅಟ್ಲಾಂಟಾದವರು ಎಲ್ಲರೂ ಸೇರಿ ಹೇಗೆ ಹಚ್ಚಬೇಕೆಂದು ಕಲಿಸುತ್ತಿದ್ದೀರಲ್ಲ, ಇದು ಸರಿಯೇ? ನೇರ ಕೂದಲೇ ಚೆಂದ ಎಂದು ನಮ್ಮ ತಲೆಯಲ್ಲಿ ತುಂಬಿದವರು ಯಾರು? ನಾನು ಮೂರು ವರ್ಷದ ಹಿಂದೆ ಎಲ್ಲವನ್ನೂ ನಿಲ್ಲಿಸಿದೆ, ನನ್ನ ಸುರುಳಿಯೇ ನನಗೆ ಸಾಕು.

ಮೈಸೂರಿನ ದಾದಿ

ಸಾಬೀತಾಗಿದೆ ಎಂಬ ಪದ ಹೆಚ್ಚಾಯಿತು, ಆದರೆ ಮಾತನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆ ಅಧ್ಯಯನ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದರು, ಅವರಲ್ಲಿ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಕಂಡಿತು. ಕೂದಲು ನೇರ ಮಾಡುವ ವಸ್ತುಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64 ಎಂದು, ಪದೇಪದೇ ಬಳಸುವವರಲ್ಲಿ ಶೇಕಡಾ 4.05 ಎಂದು ಅಂದಾಜಾಯಿತು. ಯಾವ ಕಂಪನಿಯ ಕ್ರೀಮು, ಅದರಲ್ಲಿನ ಯಾವ ರಾಸಾಯನಿಕ ಎಂದು ಅವರು ಕೇಳಿರಲಿಲ್ಲ. ನಂಟು ಕಂಡಿದೆ, ಇದರಿಂದಲೇ ಅದು ಆಯಿತು ಎಂದು ತೀರ್ಮಾನಿಸಿಲ್ಲ.

ಆದರೂ ಪ್ರಶ್ನೆ ಕೇಳಿದ ತಂಗಿ ಒಂದು ಅಂಶ ಗಮನಿಸಬೇಕು. ಪದೇಪದೇ ಎಂದರೆ ಹಿಂದಿನ ಒಂದು ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಾರಿ ಎಂದು ಅಲ್ಲಿ ಅರ್ಥ. ಎಂಟು ವಾರಕ್ಕೊಮ್ಮೆ ಹಚ್ಚುವವರು ವರ್ಷಕ್ಕೆ ಆರು ಬಾರಿ ಹಚ್ಚುತ್ತಾರೆ. ಹನ್ನೆರಡು, ಹದಿನಾಲ್ಕು ವಾರ ಬಿಡುವುದು ಕೂದಲಿಗಷ್ಟೇ ಒಳ್ಳೆಯದಲ್ಲ. ನಾಲ್ಕು ಬಾರಿಯಾದರೆ ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೆತ್ತಿ ಸುಟ್ಟಿದ್ದಾಗ, ಗಾಯ ಇದ್ದಾಗ, ಗರ್ಭಿಣಿಯಾಗಿದ್ದಾಗ ಹಚ್ಚಲೇಬೇಡಿ.

ದಾವಣಗೆರೆಯವರಿಗೆ: ಇದರಿಂದ ಬೇಸತ್ತು, ಪಾರ್ಲರಿನಲ್ಲಿ ಕೂದಲು ನುಣುಪು ಮಾಡುವ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಲು ಹೋಗುವ ಮೊದಲು ಯೋಚಿಸಿ. ಅಂಥ ಹಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅಥವಾ ಐರನ್ನಿನ ಬಿಸಿಗೆ ಅದು ಹೊರಬರುತ್ತದೆ. ಐರನ್ ಎಳೆಯುವಾಗ ಕಣ್ಣು ಉರಿದು ನೀರು ಬಂದರೆ ಎದ್ದು ಹೊರಗೆ ಬನ್ನಿ.

ಹಳಿಯಾಳದ ಅಕ್ಕ

ಸಹಜ ಸುರುಳಿಯವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ನಾನೂ ಈಗ ರಿಲ್ಯಾಕ್ಸರ್ ಬಳಸುವುದಿಲ್ಲ. ಆದರೆ ನೌಕರಿಯ ಸಂದರ್ಶನಕ್ಕೆ ಹೋದಾಗ "ತಲೆ ಬಾಚಿಕೊಂಡು ಬರಲಿಲ್ಲವೇ" ಎಂದು ಕೇಳಿಸಿಕೊಂಡವಳಿಗೆ ಅದನ್ನು ಬಿಡು ಎಂದು ಹೇಳುವ ಹಕ್ಕು ನನಗಿಲ್ಲ. ಕೂದಲು ಅವಳದು. ಎಲ್ಲ ತಿಳಿದುಕೊಂಡು ಅವಳೇ ನಿರ್ಧರಿಸಲಿ.

ಅಟ್ಲಾಂಟಾದ ಕನ್ನಡತಿ

ಇಲ್ಲಿಯೂ ಇದೇ ಜಗಳ ದಶಕಗಳಿಂದ ನಡೆದಿದೆ. ಸುರುಳಿ ಕೂದಲು, ಹೆಣೆದ ಜಡೆಗಳ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದೆಂದು ಕಾನೂನನ್ನೇ ತರಬೇಕಾಯಿತು. ಕ್ರೌನ್ ಕಾಯ್ದೆ ಎಂಬ ಹೆಸರಿನಲ್ಲಿ 2019ರಲ್ಲಿ ಮೊದಲು ಕ್ಯಾಲಿಫೋರ್ನಿಯಾ ಅದನ್ನು ಮಾಡಿತು.

ತುಮಕೂರಿನ ಓದುಗ

ಈ ರಿಲ್ಯಾಕ್ಸರನ್ನು ಕಂಡುಹಿಡಿದವರು ಅಮೆರಿಕದ ಕಪ್ಪು ಮಹಿಳಾ ಉದ್ಯಮಿ ಮೇಡಂ ಸಿ. ಜೆ. ವಾಕರ್ ಅಲ್ಲವೇ? ಎಲ್ಲಿಯೋ ಓದಿದ ನೆನಪು.

ಧಾರವಾಡದ ರಸಾಯನ ಮೇಷ್ಟ್ರು

ಅಲ್ಲ. ವಾಕರ್ (1867–1919) ಮಾರಿದ್ದು ನೆತ್ತಿಯ ಆರೈಕೆಯ ಮುಲಾಮು ಮತ್ತು ಶಾಂಪೂಗಳನ್ನು. ಅವರ ಕೂದಲೇ ಉದುರುತ್ತಿದ್ದುದರಿಂದ ಆ ಉದ್ಯಮಕ್ಕೆ ಇಳಿದವರು. ಕ್ಷಾರದ ರಿಲ್ಯಾಕ್ಸರ್ ಮನೆಮನೆಗೆ ಬಂದದ್ದು ಅವರು ತೀರಿಕೊಂಡು ಬಹಳ ಕಾಲವಾದ ಮೇಲೆ.

ಕುಂದಾಪುರದ ಕಡಲು

ಎಲ್ಲರೂ ರಸಾಯನಶಾಸ್ತ್ರ ಮಾತಾಡುತ್ತಿದ್ದೀರಿ, ನನ್ನ ಕೊಬ್ಬರಿ ಎಣ್ಣೆಯನ್ನು ಯಾರೂ ಕೇಳಲೇ ಇಲ್ಲ. ಹಾಗಾದರೆ ನಮ್ಮ ಅಮ್ಮನ ಜಡೆ ಎಲ್ಲಿಂದ ಬಂತು?

ಧಾರವಾಡದ ರಸಾಯನ ಮೇಷ್ಟ್ರು

ನಿಮ್ಮ ಅಮ್ಮನ ಕೂದಲು ನೇರವಾದದ್ದು, ಕ್ಷಾರ ಕಾಣದ್ದು. ನೆತ್ತಿಯ ಜಿಡ್ಡು ತಾನಾಗಿಯೇ ತುದಿಯವರೆಗೆ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ಅದು ಇಳಿಯುವುದಿಲ್ಲ. ಆದರೆ ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಸತ್ಯವಿದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದಾಗ, ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವಾದದ್ದೂ ಆಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯುತ್ತದೆ. ಆ ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ. ಆದ್ದರಿಂದ ತೊಳೆಯುವ ಹಿಂದಿನ ರಾತ್ರಿ ಉದ್ದಕ್ಕೂ ತುದಿಗೂ ಹಚ್ಚಲಿ. ಬುಡಕ್ಕೆ ಬಲವಾಗಿ ತಿಕ್ಕುವುದು ಬೇಡ. ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅದರ ಅಂಟಿಗೆ ಸಿಕ್ಕು ಹೆಚ್ಚಾಗುತ್ತದೆ.

ಕುಂದಾಪುರದ ಕಡಲು

ಒಪ್ಪಿದೆ. ದಾಸವಾಳದ ಲೋಳೆಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ, ಸಿಕ್ಕು ಬಿಡಿಸಲು ಅದರಷ್ಟು ಮೃದುವಾದದ್ದು ಬೇರೆ ಇಲ್ಲ. ಆದರೆ ಎಲೆಯ ಚೂರು ಉಳಿಯದಂತೆ ಬಟ್ಟೆಯಲ್ಲಿ ಸೋಸಬೇಕು.

ಹಳಿಯಾಳದ ಅಕ್ಕ

ಸೀಗೆಕಾಯಿ ಪುಡಿಯನ್ನು ನಿಲ್ಲಿಸು ಎಂದು ನಾನೂ ಹೇಳಬೇಕೆಂದಿದ್ದೆ. ಅದರ ತರಿ ಕೂದಲೊಳಗೆ ಕೂತು, ಬಾಚುವಾಗ ಮರಳಕಾಗದದಂತೆ ಉಜ್ಜುತ್ತದೆ. ರಬ್ಬರ್ ಬ್ಯಾಂಡನ್ನೂ ಎಸೆ. ಅದನ್ನು ಬಿಚ್ಚುವಾಗ ಅದರ ಜೊತೆ ಬರುವ ಕೂದಲನ್ನು ಒಂದು ವಾರ ಒಂದು ಡಬ್ಬಿಯಲ್ಲಿ ಹಾಕಿಡು, ಎಷ್ಟು ಕಳೆದುಕೊಳ್ಳುತ್ತಿದ್ದೀಯೆಂದು ನಿನಗೇ ಕಾಣುತ್ತದೆ. ಹಣೆಯ ಎರಡು ಬದಿಯಲ್ಲಿ ಕೂದಲು ತೆಳುವಾಗುತ್ತಿದ್ದರೆ ಅದು ಬಿಗಿಯಾಗಿ ಕಟ್ಟಿದ್ದರ ಫಲ. ಬಹಳ ವರ್ಷ ಹಾಗೇ ಬಿಟ್ಟರೆ ಅಲ್ಲಿ ಮತ್ತೆ ಹುಟ್ಟುವುದಿಲ್ಲ.

ಮೈಸೂರಿನ ದಾದಿ

ಐರನ್ ಬಗ್ಗೆಯೂ ಹೇಳಬೇಕು. ದಿನವೂ ಬೇಡವೇ ಬೇಡ. ಎಂದಾದರೂ ಬೇಕೆಂದರೆ 180 ಡಿಗ್ರಿಯೊಳಗೆ, ಪೂರ್ತಿ ಒಣಗಿದ ಕೂದಲಿಗೆ, ಒಂದೇ ಎಳೆತ. ಒದ್ದೆ ಕೂದಲಿಗೆ ಬಿಸಿ ತಾಗಿದರೆ ಒಳಗಿನ ನೀರು ಕುದಿದು ಆವಿಯಾಗಿ ಕೂದಲೊಳಗೆ ಗುಳ್ಳೆಗಳೇಳುತ್ತವೆ, ಆ ಜಾಗದಲ್ಲಿ ಅದು ಮುರಿಯುತ್ತದೆ.

ಯಲ್ಲಾಪುರದ ಕಾಡುಹೂ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ದಾದಿ ಮೇಡಂ ಹೇಳಿದ ಹಾಗೆ ಬಾಚಣಿಗೆಯ ಕೂದಲನ್ನು ಬಿಳಿ ದುಪಟ್ಟಾದ ಮೇಲೆ ಹರಡಿ ಎಣಿಸಿದೆ. ಬಿಳಿ ಗುಂಡು ಇದ್ದದ್ದು ಇಪ್ಪತ್ತೆರಡು, ಇಲ್ಲದ ಗಿಡ್ಡ ತುಂಡುಗಳು ನೂರ ನಲವತ್ತರ ಮೇಲೆ. ಇನ್ನು ಅನುಮಾನ ಉಳಿದಿಲ್ಲ. ವಾರದ ಕ್ರಮ ಹೇಗಿರಬೇಕೆಂದು ಯಾರಾದರೂ ಬಿಡಿಸಿ ಹೇಳುವಿರಾ? ಮೊಟ್ಟೆ ಹಚ್ಚಬಹುದೇ?

ಅಟ್ಲಾಂಟಾದ ಕನ್ನಡತಿ

ಗೆಳತಿಯ ಮನೆಯ ಹೆಣ್ಣುಮಕ್ಕಳು ಮಾಡುವುದನ್ನೇ ಹೇಳುತ್ತೇನೆ. ಶನಿವಾರ ರಾತ್ರಿ ಉದ್ದಕ್ಕೆ ಕೊಬ್ಬರಿ ಎಣ್ಣೆ. ಭಾನುವಾರ ಕೂದಲನ್ನು ನಾಲ್ಕು ಸಡಿಲ ಜಡೆ ಮಾಡಿಕೊಂಡು, ಜಡೆ ಬಿಚ್ಚದೆಯೇ ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ ತೊಳೆಯುವುದು. ಆಮೇಲೆ ಧಾರಾಳವಾಗಿ ಕಂಡಿಷನರ್ ಹಚ್ಚಿ, ಪ್ಲಾಸ್ಟಿಕ್ ಟೊಪ್ಪಿ ಹಾಕಿ ಅರ್ಧ ಗಂಟೆ ಬಿಡುವುದು. ಸಿಕ್ಕು ಬಿಡಿಸುವುದು ಆ ಕಂಡಿಷನರ್ ಇರುವಾಗಲೇ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಬುಡದ ಕಡೆಗೆ. ಟವೆಲಿನಿಂದ ಉಜ್ಜದೆ ಹಳೆಯ ಹತ್ತಿ ಅಂಗಿಯಿಂದ ಒತ್ತಿ ನೀರು ತೆಗೆಯುವುದು. ಅರೆ ಒದ್ದೆಯಿರುವಾಗಲೇ, ತೊಳೆಯದೆ ಹಾಗೇ ಬಿಡುವ ಬಗೆಯ ಕಂಡಿಷನರ್, ತುದಿಗೆ ಎರಡು ಹನಿ ಎಣ್ಣೆ, ಸಡಿಲವಾದ ಜಡೆ. ವಾರದ ಉಳಿದ ದಿನ ತುದಿಗಳನ್ನು ಒಳಗೆ ಮಡಿಸಿ ತುರುಬು. ತುದಿ ಬಟ್ಟೆಗೆ, ಕುರ್ಚಿಯ ಬೆನ್ನಿಗೆ ಉಜ್ಜಬಾರದು. ರಾತ್ರಿ ತಲೆಗೆ ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆ.

ಮೊಟ್ಟೆಯ ಪ್ರೋಟೀನ್ ಅಣು ದೊಡ್ಡದು, ಕೂದಲೊಳಗೆ ಹೋಗುವುದಿಲ್ಲ. ಹೈಡ್ರೊಲೈಸ್ಡ್ ಪ್ರೋಟೀನ್, ಅಂದರೆ ಚಿಕ್ಕ ತುಂಡುಗಳಾಗಿ ಒಡೆದ ಪ್ರೋಟೀನ್, ಎಂದು ಬರೆದಿರುವ ಕಂಡಿಷನರನ್ನು ಆರು ವಾರಕ್ಕೊಮ್ಮೆ ಹಚ್ಚಿದರೆ ಸಾಕು. ಬೇಕೋ ಬೇಡವೋ ತಿಳಿಯಲು ಒಂದು ಒದ್ದೆ ಕೂದಲನ್ನು ಎಳೆದು ನೋಡಿ. ಮೇಣದಂತೆ ಉದ್ದವಾಗಿ ಹಿಂದಕ್ಕೆ ಬಾರದಿದ್ದರೆ ಪ್ರೋಟೀನ್ ಬೇಕು. ಸ್ವಲ್ಪವೂ ಬಾಗದೆ ಟಕ್ಕನೆ ತುಂಡಾದರೆ ತೇವ ಬೇಕು, ಆಗ ಪ್ರೋಟೀನ್ ಹಚ್ಚಿದರೆ ಇನ್ನಷ್ಟು ಮುರಿಯುತ್ತದೆ. ಮತ್ತೆ, ಆ ಹದಿಮೂರು ಬಾರಿ ಬೆಂದ ತುದಿಯನ್ನು ನಾಲ್ಕು ಬೆರಳು ಕತ್ತರಿಸಿಬಿಡಿ.

ಯಲ್ಲಾಪುರದ ಕಾಡುಹೂ

ನಾಲ್ಕು ಬೆರಳೇ? ಎರಡು ವರ್ಷ ಕಾದದ್ದು ಅಷ್ಟೇ ಅಲ್ಲವೇ ಅಕ್ಕ.

ಸಹಜ ಸುರುಳಿ

ಒಂದೇ ಸಲ ಬೇಡ. ನಾನು ರಿಲ್ಯಾಕ್ಸರ್ ಬಿಡುವಾಗ ತಿಂಗಳಿಗೆ ಒಂದು ಸೆಂಟಿಮೀಟರಿನ ಹಾಗೆ ಕತ್ತರಿಸುತ್ತಾ ಹೋದೆ, ಮನಸ್ಸಿಗೂ ನೋವಾಗಲಿಲ್ಲ. ನೀವು ಬಿಡದಿದ್ದರೂ ಈ ದಾರಿ ನಿಮಗೂ ಹೊಂದುತ್ತದೆ. ಹನ್ನೆರಡು ವಾರ ಕಾಯುವಾಗ ಬುಡದ ಸುರುಳಿಯೂ ಕೆಳಗಿನ ನೇರ ಕೂದಲೂ ಸೇರುವ ಗೆರೆಯೇ ಅತ್ಯಂತ ದುರ್ಬಲ. ಆ ದಿನಗಳಲ್ಲಿ ರಾತ್ರಿ ಹೆಣೆದು ಬೆಳಿಗ್ಗೆ ಬಿಚ್ಚಿದರೆ ಇಡೀ ಕೂದಲು ಒಂದೇ ಥರದ ಅಲೆಯಾಗಿ ಕಾಣುತ್ತದೆ, ಐರನ್ ಬೇಕಾಗುವುದಿಲ್ಲ.

ದಾವಣಗೆರೆ ಮಲ್ಲಿಗೆ

ರೇಷ್ಮೆ ಬಟ್ಟೆಗೆ ಅಂಗಡಿಯಲ್ಲಿ ಬಹಳ ಬೆಲೆ ಹೇಳುತ್ತಾರೆ. ಅಮ್ಮನ ಹರಿದ ರೇಷ್ಮೆ ಸೀರೆಯ ತುಂಡು ಆಗುತ್ತದೆಯೇ?

ಹಳಿಯಾಳದ ಅಕ್ಕ

ಆಗುತ್ತದೆ, ಜರಿಯ ಅಂಚು ಕತ್ತರಿಸಿ ತೆಗೆದು ಬಳಸು. ಜರಿಗೆ ಕೂದಲು ಸಿಕ್ಕಿಕೊಳ್ಳುತ್ತದೆ.

ಯಲ್ಲಾಪುರದ ಕಾಡುಹೂ

ಐದು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ರಿಲ್ಯಾಕ್ಸರ್ ಹಚ್ಚಿದ್ದು ಒಂದೇ ಬಾರಿ, ಹದಿಮೂರನೆಯ ವಾರದಲ್ಲಿ, ಬುಡಕ್ಕೆ ಮಾತ್ರ. ತಂಗಿ ಹಿಂದೆ ನಿಂತು ಬ್ರಷ್ಷಿನಿಂದ ಹಚ್ಚುವಾಗ ನಾನು ಫೋನಿನಲ್ಲಿ ನಿಮಿಷ ಎಣಿಸುತ್ತಿದ್ದೆ. ಮೂರನೆಯ ತೊಳೆತದಲ್ಲಿಯೂ ನೊರೆ ನಸುಗೆಂಪಾಗಿಯೇ ಇತ್ತು, ನಾಲ್ಕನೆಯದರಲ್ಲಿ ಬಿಳಿಯಾಯಿತು. ಹಿಂದಿನ ಹದಿಮೂರು ಬಾರಿಯೂ ನಾವು ಒಂದೇ ಸಲ ತೊಳೆದು ಎದ್ದಿದ್ದೆವು ಎಂದು ಆಗ ನೆನಪಾಯಿತು.

ತಿಂಗಳಿಗೆ ಅರ್ಧ ಸೆಂಟಿಮೀಟರಿನಂತೆ ತುದಿ ಕತ್ತರಿಸುತ್ತಿದ್ದೇನೆ. ಇಷ್ಟಾದರೂ ಮೊನ್ನೆ ಟೇಪ್ ಹಿಡಿದು ಅಳೆದಾಗ ಒಂದೂವರೆ ಸೆಂಟಿಮೀಟರ್ ಮುಂದೆ ಹೋಗಿತ್ತು. ದುಪಟ್ಟಾದ ಮೇಲಿನ ಗಿಡ್ಡ ತುಂಡುಗಳು ಮೂವತ್ತರೊಳಗೆ ಬಂದಿವೆ. ಫೆರಿಟಿನ್ ಕಡಿಮೆಯೆಂದು ಬಂತು, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಕೂದಲಿಗೆ ಎಳೆಯುವ ಐರನ್ ಮಾತ್ರ ಪೆಟ್ಟಿಗೆಯೊಳಗೇ ಇದೆ, ಹೊರಗೆ ತೆಗೆದಿಲ್ಲ.

ಮೈಸೂರಿನ ದಾದಿ

ಮೂರು ತಿಂಗಳ ನಂತರ ಫೆರಿಟಿನ್ ಮತ್ತೊಮ್ಮೆ ನೋಡಿಸಿ. ಮಾತ್ರೆಯನ್ನು ಕಾಫಿ, ಚಹಾದ ಜೊತೆ ತೆಗೆದುಕೊಳ್ಳಬೇಡಿ.

ಹಳಿಯಾಳದ ಅಕ್ಕ

ದೀಪಾವಳಿಗೆ ಊರಿಗೆ ಬರುತ್ತೀಯಲ್ಲ ತಂಗಿ, ಹಳಿಯಾಳಕ್ಕೂ ಬಾ. ನನ್ನ ಮಗಳಿಗೆ ಆರು ವರ್ಷ, ಅವಳ ತಲೆಯನ್ನು ನಾಲ್ಕು ಭಾಗ ಮಾಡಿ ತುದಿಯಿಂದ ಸಿಕ್ಕು ಬಿಡಿಸುವುದನ್ನು ಅವಳ ಎದುರೇ ನಿನಗೆ ತೋರಿಸುತ್ತೇನೆ. ಬರುವಾಗ ಬೆಂಗಳೂರಿನಿಂದ ಒಳ್ಳೆಯ ಅಗಲ ಹಲ್ಲಿನ ಬಾಚಣಿಗೆ ಎರಡು ತೆಗೆದುಕೊಂಡು ಬಾ, ಇಲ್ಲಿ ಸಿಗುವುದರ ಹಲ್ಲಿನಲ್ಲಿ ಅಚ್ಚಿನ ಗೆರೆ ಉಳಿದಿರುತ್ತದೆ, ಅದಕ್ಕೆ ಕೂದಲು ಸಿಕ್ಕಿ ಹರಿಯುತ್ತದೆ.